ವ್ಯಾಕ್ಯೂಮ್ ಕ್ಲೀನರ್ ಕಸ ಎಳೀತಿಲ್ವಾ? ಮೋಟರ್ ಹೋಯ್ತು ಅನ್ನುವ ಮೊದಲು ಗಾಳಿಯ ದಾರಿ ನೋಡಿ

ಹೋದ ಸಲ ಮಹಾನವಮಿಗೆ ಎಂಟು ದಿನ ಇರುವಾಗ ನಮ್ಮ ಮನೆಯ ವ್ಯಾಕ್ಯೂಮ್ ಕ್ಲೀನರ್ ಕೈಕೊಟ್ಟಿತು. ನಮ್ಮ ಬಾಗಲಕೋಟೆ ಕಡೆ ಮಹಾನವಮಿ ಬಂತೆಂದರೆ ಗಾದಿ, ಕೌದಿ, ಪರದೆ ಎಲ್ಲವೂ ಹೊರಗೆ ಬರುತ್ತವೆ. ಅಟ್ಟದ ಮೇಲಿನ ಪಾತ್ರೆ ಕೂಡ ಕೆಳಗಿಳಿಯುತ್ತದೆ. ಅಂಥ ಹೊತ್ತಿನಲ್ಲೇ ಮೆಷಿನ್ ಸುಮ್ನೆ ಕೂಗುತ್ತಿತ್ತು, ನೆಲದ ಮೇಲೆ ಬಿದ್ದ ಒಂದು ಜೋಳದ ಕಾಳನ್ನೂ ಎಳೆಯುತ್ತಿರಲಿಲ್ಲ.

ಒಂದು ಅಂಗಡಿಗೆ ಒಯ್ದೆ. ಮುಚ್ಚಳ ತೆಗೆದು ಕೂಡ ನೋಡಲಿಲ್ಲ. "ಮೋಟರ್ ಹೋಗೇತ್ರಿ ಅಕ್ಕಾರ, ಹೊಸಾದ ತಗೋರಿ" ಅಂದರು. ನನಗೆ ಮನಸ್ಸು ಒಪ್ಪಲಿಲ್ಲ. ಮಿಕ್ಸರ್, ನೀರಿನ ಪಂಪು ರಿಪೇರಿ ಮಾಡುವ ಇನ್ನೊಬ್ಬ ಹಿರಿಯರ ಹತ್ತಿರ ಹೋದೆ. ಅವರು ಮೊದಲು ಪೈಪು ಬಿಚ್ಚಿ ಪಕ್ಕಕ್ಕಿಟ್ಟರು. ಸ್ವಿಚ್ ಹಾಕಿ, ಮೆಷಿನ್ನಿನ ಬಾಯಿಗೆ ಅಂಗೈ ಹಿಡಿದರು. ಅಂಗೈ ಗಪ್ಪನೆ ಅಂಟಿಕೊಂಡಿತು. "ಮೋಟರ್ ಗಟ್ಟಿ ಐತೆವ್ವಾ. ಇದಕ್ಕ ಉಸಿರು ಕಟ್ಟೇತಿ. ಎಲ್ಲಿ ಕಟ್ಟೇತಿ ಅಂತ ಹುಡುಕೂಣು" ಅಂದರು.

ಹಿಡಿಕೆಯ ತಿರುವಿನಲ್ಲಿ ಸಿಕ್ಕಿತು. ಒಂದು ತಲೆಪಿನ್ನು ಅಡ್ಡಡ್ಡ ಸಿಕ್ಕಿಕೊಂಡಿತ್ತು. ಅದಕ್ಕೆ ಕೂದಲು ಸುತ್ತಿಕೊಂಡು, ಕೂದಲಿಗೆ ಕೌದಿಯ ನೂಲು ಅಂಟಿಕೊಂಡು, ಅದರ ಮೇಲೆ ಧೂಳು ಕೂತು, ಹೆಬ್ಬೆರಳಿನಷ್ಟು ದಪ್ಪದ ಬೂದು ಬಣ್ಣದ ಬಿರಡೆ ಆಗಿತ್ತು. ಅದನ್ನು ಎಳೆದು ತೆಗೆದ ಮೇಲೆ ಮೆಷಿನ್ ಹೊಸದರ ಹಾಗೆ ಎಳೆಯಿತು. 50 ರೂಪಾಯಿ ಕೊಟ್ಟು ಬಂದೆ.

ಅವತ್ತಿನಿಂದ ನಮ್ಮ ಓಣಿಯಲ್ಲಿ, ನೆಂಟರ ಮನೆಯಲ್ಲಿ ಯಾರದೇ ಮೆಷಿನ್ ಎಳೆಯುತ್ತಿಲ್ಲ ಅಂದರೂ ನಾನೇ ಹೋಗಿ ನೋಡುತ್ತೇನೆ. ಎಷ್ಟೋ ಸಲ ಮೋಟರಿಗೆ ಏನೂ ಆಗಿರುವುದಿಲ್ಲ. ಗಾಳಿಯ ದಾರಿಯಲ್ಲಿ ಎಲ್ಲೋ ಒಂದು ಕಡೆ ಕಟ್ಟಿರುತ್ತದೆ, ಇಲ್ಲವೇ ಸೋರುತ್ತಿರುತ್ತದೆ. ಹುಡುಕುವ ಕ್ರಮ ಗೊತ್ತಿದ್ದರೆ ಅರ್ಧ ಗಂಟೆಯ ಕೆಲಸ.

ಗಾಳಿಯ ದಾರಿ ಅಂದರೆ ಏನು

ಮೆಷಿನ್ನಿನ ಒಳಗೆ ಒಂದು ಫ್ಯಾನ್ ಇದೆ. ನಿಮಿಷಕ್ಕೆ 20 ಸಾವಿರಕ್ಕೂ ಜಾಸ್ತಿ ಸುತ್ತು ತಿರುಗುವ ಫ್ಯಾನ್ ಅದು. ಒಳಗಿನ ಗಾಳಿಯನ್ನು ಹಿಂದಕ್ಕೆ ದೂಡುತ್ತದೆ. ಒಳಗೆ ಒತ್ತಡ ಕಡಿಮೆ ಆದಾಗ ಹೊರಗಿನ ಗಾಳಿ ಪೈಪಿನಿಂದ ನುಗ್ಗುತ್ತದೆ, ಬರುವಾಗ ಧೂಳನ್ನೂ ಹೊತ್ತು ತರುತ್ತದೆ. ನಮ್ಮ ಸುತ್ತಲಿನ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿ ಸುಮಾರು 101 ಕಿಲೋಪಾಸ್ಕಲ್. ಒಳ್ಳೆಯ ಮನೆಬಳಕೆಯ ಮೆಷಿನ್ ಅದರಲ್ಲಿ 20ರಷ್ಟು ಕಡಿಮೆ ಮಾಡುತ್ತದೆ, ಅಷ್ಟೇ. ಈ ಸಣ್ಣ ವ್ಯತ್ಯಾಸದ ಮೇಲೆಯೇ ಇಡೀ ಕೆಲಸ ನಡೆಯುತ್ತದೆ. ಹಾಗಾಗಿ ಸಣ್ಣ ಅಡ್ಡಿ, ಸಣ್ಣ ಬಿರುಕು ಕೂಡ ದೊಡ್ಡದಾಗಿ ಕಾಣುತ್ತದೆ.

ಸ್ಟ್ರಾ ಹಾಕಿ ಎಳನೀರು ಕುಡಿಯುವುದನ್ನು ನೆನಪಿಸಿಕೊಳ್ಳಿ. ಗಂಜಿ ಸಿಕ್ಕಿಕೊಂಡರೂ ನೀರು ಬರುವುದಿಲ್ಲ, ಸ್ಟ್ರಾ ಸೀಳಿದ್ದರೂ ಬರುವುದಿಲ್ಲ. ಎರಡರಲ್ಲೂ ನಿಮ್ಮ ಬಾಯಿಯ ತಪ್ಪಿಲ್ಲ, ಅಲ್ವಾ?

ಗಾಳಿ ನೆಲದ ಬ್ರಷ್‌ನಿಂದ ಹೊರಟು ಉದ್ದ ಕೊಳವೆ, ಹಿಡಿಕೆ, ಸುರುಳಿ ಪೈಪು, ಧೂಳಿನ ಚೀಲ, ಮೋಟರಿನ ಮುಂದಿನ ಫಿಲ್ಟರ್, ಮೋಟರ್, ಹಿಂದಿನ ಫಿಲ್ಟರ್ ದಾಟಿ ಹೊರಗೆ ಹೋಗುತ್ತದೆ. ಒಂದೇ ದಾರಿ, ಕವಲು ಇಲ್ಲ. ಹಾಗಾಗಿ ಎಲ್ಲಿ ತಪ್ಪಿದೆ ಅಂತ ಹುಡುಕುವುದು ಸುಲಭ.

ಕಿವಿಗೊಟ್ಟು ಕೇಳಿ

ಬಿಚ್ಚುವ ಮೊದಲು ಒಂದು ನಿಮಿಷ ಮೆಷಿನ್ ಓಡಿಸಿ, ಸದ್ದು ಕೇಳಿ. ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ.

ಸದ್ದು ಎಂದಿಗಿಂತ ಚೂಪಾಗಿ, ಸೀಟಿ ಹೊಡೆದ ಹಾಗೆ ಮೇಲೇರಿದ್ದರೆ ದಾರಿ ಕಟ್ಟಿದೆ. ದೂಡಲು ಗಾಳಿಯೇ ಸಿಗದಿದ್ದಾಗ ಫ್ಯಾನಿಗೆ ಭಾರ ಕಡಿಮೆಯಾಗಿ ಇನ್ನೂ ಜೋರಾಗಿ ತಿರುಗುತ್ತದೆ. ಸದ್ದು ಜೋರಾಯಿತು ಅಂದರೆ ಮೋಟರ್ ತ್ರಾಸಿನಲ್ಲಿದೆ ಅಂತ ಬಹಳ ಜನ ತಿಳಿಯುತ್ತಾರೆ. ಅದು ತಪ್ಪು. ಸದ್ದು ಎಂದಿನಂತೆಯೇ ಇದ್ದು ಎಳೆತ ಮಾತ್ರ ಇಲ್ಲದಿದ್ದರೆ ಎಲ್ಲೋ ಸೋರುತ್ತಿದೆ. ಸದ್ದೇ ಮಂಕಾಗಿ, ಇಳಿದ ದನಿಯಲ್ಲಿದ್ದರೆ ಕರೆಂಟಿನ ವೋಲ್ಟೇಜ್ ಅಥವಾ ಮೋಟರ್ ಮೇಲೆ ಅನುಮಾನ ಪಡಬಹುದು.

ಇಷ್ಟು ಕೇಳಿಸಿಕೊಂಡು ಸ್ವಿಚ್ ಆರಿಸಿ, ಪ್ಲಗ್ ಕಿತ್ತಿಡಿ. ಇನ್ನು ಮುಂದೆ ಕೈ ಒಳಗೆ ಹಾಕುವಾಗೆಲ್ಲ ಪ್ಲಗ್ ಹೊರಗೇ ಇರಬೇಕು. ಸ್ವಿಚ್ ಆರಿಸಿದೆ ಅಂತ ಬಿಟ್ಟರೆ ಮಕ್ಕಳು ಯಾರಾದರೂ ಬಂದು ಹಾಕಿಬಿಡುತ್ತಾರೆ.

ಮೊದಲು ಕಣ್ಣಿಗೆ ಕಾಣುವುದು

ಹಿಡಿಕೆಯ ಮೇಲೆ ಒಂದು ಸಣ್ಣ ಕಿಟಕಿ ಇರುತ್ತದೆ. ಹಿಂದೆ ಮುಂದೆ ಸರಿಸುವ ಪ್ಲಾಸ್ಟಿಕ್ ಮುಚ್ಚಳ. ಪರದೆ, ಸೀರೆಯಂಥ ಹಗುರ ಬಟ್ಟೆ ಸ್ವಚ್ಛ ಮಾಡುವಾಗ ಬಟ್ಟೆ ಒಳಗೆ ಎಳೆದುಕೊಳ್ಳದಿರಲಿ ಅಂತ ಅದನ್ನು ತೆರೆಯುತ್ತಾರೆ. ಆಮೇಲೆ ಮುಚ್ಚಲು ಮರೆಯುತ್ತಾರೆ. ನಮ್ಮ ಓಣಿಯ ವೈನಿಯೊಬ್ಬರು ಆರು ತಿಂಗಳು ಹಾಗೇ ಓಡಿಸಿದ್ದರು. ಕಿಟಕಿ ಮುಚ್ಚಿದೆಯಾ ನೋಡಿ. ಮೇಲಿನ ಮುಚ್ಚಳ ಟಕ್ ಅಂತ ಕೂತಿದೆಯಾ, ಧೂಳಿನ ಡಬ್ಬಿ ಪೂರ್ತಿ ಒಳಗೆ ಹೋಗಿದೆಯಾ, ಪವರ್ ಕಡಿಮೆ ಜಾಸ್ತಿ ಮಾಡುವ ಗುಂಡಿ ಕಡಿಮೆಗೆ ತಿರುಗಿದೆಯಾ, ಅದನ್ನೂ ನೋಡಿ.

ಅಂಗೈ ಪರೀಕ್ಷೆ

ಆ ಹಿರಿಯರು ಮಾಡಿದ್ದು ಇದನ್ನೇ. ಪೈಪನ್ನು ಮೆಷಿನ್ನಿನಿಂದ ಬಿಡಿಸಿ. ಪ್ಲಗ್ ಹಾಕಿ, ಮೆಷಿನ್ ಓಡಿಸಿ, ಬಾಯಿಗೆ ಅಂಗೈ ಹಿಡಿಯಿರಿ. ಎರಡು ಮೂರು ಸೆಕೆಂಡು ಸಾಕು. ಸೆರಗು, ಜಡೆ, ಸಡಿಲ ಬಳೆ ದೂರ ಇರಲಿ.

ಅಂಗೈ ಬಲವಾಗಿ ಅಂಟಿಕೊಂಡರೆ ಮೆಷಿನ್ ಸರಿ ಇದೆ. ತಪ್ಪು ಇರುವುದು ಪೈಪು, ಹಿಡಿಕೆ, ಕೊಳವೆ, ಬ್ರಷ್‌ನಲ್ಲಿ. ಕೆಳಗಿನ "ಪೈಪಿನಲ್ಲಿ ಏನೋ ಸಿಕ್ಕಿದ್ದರೆ" ಅನ್ನುವ ಭಾಗಕ್ಕೆ ನೇರವಾಗಿ ಹೋಗಿ.

ಇಲ್ಲೂ ಎಳೆತ ಇಲ್ಲದಿದ್ದರೆ ಚೀಲ, ಫಿಲ್ಟರ್, ಮುಚ್ಚಳದ ರಬ್ಬರ್, ಇಲ್ಲವೇ ಮೋಟರ್. ಪೈಪಿನ ಗೊಡವೆ ಬಿಡಿ. ಹೀಗೆ ಒಂದೇ ಪರೀಕ್ಷೆಯಲ್ಲಿ ಅರ್ಧ ಮೆಷಿನ್ನನ್ನು ಬದಿಗಿಟ್ಟ ಹಾಗಾಯಿತು.

ಚೀಲ ಮತ್ತು ಫಿಲ್ಟರ್, ನಮ್ಮ ಮಣ್ಣಿನ ಕಥೆ

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಜಿಲ್ಲೆಗಳಲ್ಲಿ ಮೆಷಿನ್ ಉಸಿರು ಕಟ್ಟುವುದು ಇಲ್ಲೇ ಜಾಸ್ತಿ.

ಬಾಗಲಕೋಟೆ, ವಿಜಯಪುರ ಅಂದರೆ ಎರೆ ಮಣ್ಣು. ಎರೆಯಲ್ಲಿ ಜೇಡಿಯ ಅಂಶ ಬಹಳ. ಜೇಡಿಯ ಕಣ ಅಂದರೆ 2 ಮೈಕ್ರಾನ್‌ಗಿಂತ ಸಣ್ಣದು. ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ ಅಂತ ಇಟ್ಟುಕೊಂಡರೆ ಇದು ಎಷ್ಟು ನುಣುಪು ಅಂತ ತಿಳಿಯುತ್ತದೆ. ಬೇಸಿಗೆಯ ಗಾಳಿಗೆ ಹೊಲದಿಂದ ಎದ್ದು ಬರುವ ಧೂಳು ಕಿಟಕಿ ಮುಚ್ಚಿದ್ದರೂ ಒಳಗೆ ಬಂದು ಕೂರುತ್ತದೆ. ನಾವಿರುವ ನವನಗರ ಆಲಮಟ್ಟಿ ಹಿನ್ನೀರಿನಲ್ಲಿ ಮನೆ ಕಳೆದುಕೊಂಡವರಿಗಾಗಿ ಕಟ್ಟಿದ ಊರು. ಅಗಲ ರಸ್ತೆ, ನಡುನಡುವೆ ಖಾಲಿ ಜಾಗ. ಏಪ್ರಿಲ್‌ನಲ್ಲಿ ಬೆಳಿಗ್ಗೆ ಒರೆಸಿದ ಟೇಬಲ್ ಮೇಲೆ ಸಂಜೆ ಬೆರಳಿನಲ್ಲಿ ಹೆಸರು ಬರೆಯಬಹುದು.

ಈ ನುಣುಪು ಧೂಳು ಚೀಲವನ್ನು ತುಂಬುವುದಿಲ್ಲ. ಚೀಲದ ಬಟ್ಟೆಯ ಸಣ್ಣ ಸಣ್ಣ ರಂಧ್ರಗಳಲ್ಲಿ ಹೋಗಿ ಕೂರುತ್ತದೆ. ಚೀಲ ತೆಗೆದು ನೋಡಿದರೆ ಕಾಲುಭಾಗವೂ ತುಂಬಿರುವುದಿಲ್ಲ. "ಇನ್ನಾ ಜಾಗಾ ಐತಲ್ಲ" ಅಂತ ವಾಪಸ್ ಹಾಕುತ್ತೇವೆ. ಮೋಸ ಹೋಗುವುದು ಇಲ್ಲಿಯೇ. ಬ್ರಿಟನ್ನಿನ ಜೇಮ್ಸ್ ಡೈಸನ್ ತಮ್ಮ ಮನೆಯ ಮೆಷಿನ್ ಎಳೆಯುತ್ತಿಲ್ಲ ಅಂತ ಬಿಚ್ಚಿ ನೋಡಿದಾಗ ಕಂಡದ್ದೂ ಇದೇ ಕಟ್ಟಿದ ರಂಧ್ರಗಳನ್ನು. ಚೀಲವೇ ಬೇಡದ, ಧೂಳನ್ನು ಸುಳಿಗಾಳಿಯಂತೆ ತಿರುಗಿಸಿ ಬೇರೆ ಮಾಡುವ ಮೆಷಿನ್ ಮಾಡಲು ಅವರು 5,127 ಮಾದರಿ ಕಟ್ಟಿದರಂತೆ. ಹಾಗಂತ ಚೀಲವಿಲ್ಲದ ಮೆಷಿನ್ ಇದ್ದವರು ನಿಶ್ಚಿಂತೆಯಾಗಿ ಇರುವಂತಿಲ್ಲ. ಅದರಲ್ಲೂ ಮೋಟರಿನ ಮುಂದೆ ಫಿಲ್ಟರ್ ಇದ್ದೇ ಇದೆ, ಎರೆ ಧೂಳು ಅಲ್ಲಿಗೂ ಹೋಗುತ್ತದೆ.

ಬಟ್ಟೆ ಚೀಲವಾದರೆ ಮನೆಯ ಹೊರಗೆ ಒಯ್ದು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಚೀಲವನ್ನು ಒಳಗು ಹೊರಗು ಮಾಡಿ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಹೊಲಿಗೆಯ ಸಂದಿಯವರೆಗೆ ತಿಕ್ಕಿ. ಗೋಡೆಗೆ ಬಡಿದರೆ ಸಾಲದು, ಬಡಿದಾಗ ಉದುರುವುದು ಮೇಲಿನ ಧೂಳು ಮಾತ್ರ. ಕಾಗದದ ಚೀಲವಾದರೆ ಖಾಲಿ ಮಾಡಿ ಮತ್ತೆ ಬಳಸಬೇಡಿ. ಅದರ ರಂಧ್ರ ಒಮ್ಮೆ ಕಟ್ಟಿದರೆ ಬಿಡುವುದಿಲ್ಲ, ಸಂದಿಯಲ್ಲಿ ಹರಿದರಂತೂ ಧೂಳು ನೇರ ಮೋಟರಿಗೆ ಹೋಗುತ್ತದೆ. ಮುಕ್ಕಾಲು ತುಂಬಿದಾಗಲೇ ಬದಲಿಸಿ.

ಇನ್ನು ಮೋಟರಿನ ಮುಂದಿನ ಫಿಲ್ಟರ್. ಸ್ಪಂಜಿನದಾದರೆ ತಣ್ಣೀರಿನ ನಲ್ಲಿ ಕೆಳಗೆ ಹಿಡಿದು ಹಿಂಡಿ. ಮೊದಲ ನೀರು ಮಳೆಗಾಲದ ಹಳ್ಳದ ನೀರಿನ ಬಣ್ಣದಲ್ಲಿ ಬರುತ್ತದೆ. ತಿಳಿ ನೀರು ಬರುವವರೆಗೆ ಬಿಡಬೇಡಿ. ಬಿಸಿನೀರು ಬೇಡ, ಸೋಪಿನ ಪುಡಿ ಬೇಡ. ಆಮೇಲೆ ನೆರಳಿನಲ್ಲಿ 24 ಗಂಟೆ ಒಣಗಿಸಿ. ನಮ್ಮ ಬಿಸಿಲಿಗೆ ಎರಡೇ ತಾಸಿನಲ್ಲಿ ಮುಟ್ಟಿದರೆ ಒಣಗಿದಂತೆ ಅನಿಸುತ್ತದೆ, ಒಳಗೆ ಹಸಿ ಇರುತ್ತದೆ. ಹಸಿ ಫಿಲ್ಟರ್ ಹಾಕಿದರೆ ಎರೆ ಧೂಳು ಅದರಲ್ಲಿ ಕೆಸರಾಗಿ ಕೂರುತ್ತದೆ. ಗೋಡೆಗೆ ಮೆತ್ತಿದ ಎರೆ ಮಣ್ಣು ಒಣಗಿದ ಮೇಲೆ ಹೇಗಿರುತ್ತದೆ ಅಂತ ಗೊತ್ತಲ್ಲ, ಹಾಗೆ. ಆ ಫಿಲ್ಟರ್ ಮತ್ತೆ ಕೆಲಸಕ್ಕೆ ಬರುವುದಿಲ್ಲ. ಸಾಧ್ಯವಿದ್ದರೆ ಎರಡು ಫಿಲ್ಟರ್ ಇಟ್ಟುಕೊಳ್ಳಿ. ಒಂದು ಒಣಗುವಾಗ ಇನ್ನೊಂದು ದುಡಿಯಲಿ.

ಮಡಿಕೆ ಮಡಿಕೆಯಾಗಿರುವ ಬಿಳಿ ಕಾಗದದಂಥದ್ದು ಹೆಪಾ ಫಿಲ್ಟರ್. ತೊಳೆಯಬಹುದು ಅಂತ ಅದರ ಮೇಲೆ ಬರೆದಿದ್ದರೆ ಮಾತ್ರ ತೊಳೆಯಿರಿ. ಇಲ್ಲದಿದ್ದರೆ ಮೆಲ್ಲಗೆ ತಟ್ಟಿ, ಮೃದು ಬ್ರಷ್ ಆಡಿಸಿ. ಬೂದು ಬಣ್ಣ ಹೋಗದೆ ಎಳೆತವೂ ಬಾರದಿದ್ದರೆ ಹೊಸದು ಹಾಕುವುದೇ ದಾರಿ. ಮೆಷಿನ್ನಿನ ಹಿಂದೆ, ಗಾಳಿ ಹೊರಗೆ ಬರುವ ಕಡೆ ಇನ್ನೊಂದು ಫಿಲ್ಟರ್ ಇರಬಹುದು. ಜಾಲರಿ ತೆಗೆದು ನೋಡಿ. ಬಹಳ ಜನರಿಗೆ ಅದು ಇರುವುದೇ ತಿಳಿದಿರುವುದಿಲ್ಲ. ಗಾಳಿ ಹೊರಗೆ ಹೋಗದಿದ್ದರೆ ಒಳಗೂ ಬರುವುದಿಲ್ಲ.

ಇನ್ನೊಂದು ಮಾತು. ಒಣ ಕಸಕ್ಕೆ ಮಾತ್ರ ಬಳಸುವ ಎಷ್ಟೋ ಮೆಷಿನ್ನುಗಳಲ್ಲಿ ಮೋಟರನ್ನು ತಣ್ಣಗಿಡುವುದು ಇದೇ ಎಳೆದ ಗಾಳಿ. ಫಿಲ್ಟರ್ ಕಟ್ಟಿದರೆ ಮೋಟರ್ ಕಾಯುತ್ತದೆ. ನಡುವೆ ತಾನಾಗಿಯೇ ನಿಂತುಹೋದರೆ ಮೋಟರ್ ಬಹಳ ಬಿಸಿಯಾದಾಗ ನಿಲ್ಲಿಸುವ ಒಳಗಿನ ಸ್ವಿಚ್ ಕರೆಂಟು ಕಡಿದಿರಬಹುದು. ಪ್ಲಗ್ ಕಿತ್ತು ಒಂದು ತಾಸು ಬಿಡಿ, ಚೀಲ ಫಿಲ್ಟರ್ ಸ್ವಚ್ಛ ಮಾಡಿ, ಆಮೇಲೆ ಹಾಕಿ. ತಣ್ಣಗಾದ ಮೇಲೆ ಓಡಿತು ಅಂತ ಫಿಲ್ಟರ್ ಮುಟ್ಟದೆ ಬಿಟ್ಟರೆ ನಿಜವಾಗಿಯೂ ಮೋಟರ್ ಸುಡುತ್ತದೆ.

ಬನಹಟ್ಟಿಯ ಕಾಕು ಮನೆ

ನಮ್ಮ ಕಾಕು ಮನೆ ಬನಹಟ್ಟಿಯಲ್ಲಿ. ಹಿಂದಿನ ಕೋಣೆಯಲ್ಲಿ ಎರಡು ವಿದ್ಯುತ್ ಮಗ್ಗ. ರಬಕವಿ ಬನಹಟ್ಟಿಯಲ್ಲಿ ಇಂಥ ಮನೆಗಳು ಬಹಳ. ಅಲ್ಲಿ ಎರೆ ಧೂಳಿಗಿಂತ ಹತ್ತಿಯ ನವಿರು ಎಳೆಯದೇ ಕಾಟ. ಅಲಮಾರಿಯ ಮೇಲೆ, ಫ್ಯಾನಿನ ರೆಕ್ಕೆಯ ಮೇಲೆ ಬಿಳಿ ಜುಂಗಿನಂತೆ ಕೂತಿರುತ್ತದೆ. ಕಾಕು ಹೊಸ ಮೆಷಿನ್ ತಂದ ಎರಡನೇ ವಾರಕ್ಕೇ ಫೋನ್ ಮಾಡಿದರು. "ಏನ್ ಮಷೀನವಾ ಇದು, ಎಂಟ್ ದಿನಕ್ಕ ಸುಸ್ತಾತು!"

ಹೋಗಿ ಫಿಲ್ಟರ್ ತೆಗೆದೆ. ಅದರ ಮೇಲೆ ಕಂಬಳಿಯ ತುಂಡಿನಂಥದ್ದು ಹಾಸಿಕೊಂಡಿತ್ತು. ಒಂದು ಮೂಲೆ ಹಿಡಿದು ಎತ್ತಿದರೆ ರೊಟ್ಟಿ ಹಂಚಿನಿಂದ ಬಿಟ್ಟ ಹಾಗೆ ಇಡಿಯಾಗಿ ಎದ್ದು ಬಂತು. ಕೆಳಗಿನ ಫಿಲ್ಟರ್ ಇನ್ನೂ ಬೆಳ್ಳಗೇ ಇತ್ತು. ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ತಾವೇ ಒಂದು ಮುಚ್ಚಳ ಆಗುತ್ತವೆ, ರಂಧ್ರದ ಒಳಗೆ ಹೋಗುವುದಿಲ್ಲ. ಹಾಗಾಗಿ ಮಗ್ಗದ ಮನೆಯವರಿಗೆ ಫಿಲ್ಟರ್ ತೊಳೆಯುವ ಅಗತ್ಯ ಕಡಿಮೆ, ಬಿಡಿಸುವ ಕೆಲಸ ಜಾಸ್ತಿ. ಕಾಕು ಈಗ ಪ್ರತಿ ಸಲ ಬಳಸಿದ ಮೇಲೆ ಫಿಲ್ಟರ್ ತೆಗೆದು ಆ ಪದರ ಬಿಡಿಸುತ್ತಾರೆ. ಎರಡು ನಿಮಿಷ. ಮೆಷಿನ್ ಚೆನ್ನಾಗಿ ನಡೆದಿದೆ.

ಪೈಪಿನಲ್ಲಿ ಏನೋ ಸಿಕ್ಕಿದ್ದರೆ

ಪೈಪು, ಹಿಡಿಕೆ, ಕೊಳವೆ ಮೂರನ್ನೂ ಬೇರೆ ಬೇರೆ ಮಾಡಿ. ಮಕ್ಕಳ ಗೋಲಿ ಒಂದನ್ನು ಪೈಪಿನ ಒಂದು ತುದಿಯಲ್ಲಿ ಬಿಡಿ. ಮೆಷಿನ್ನಿಗೆ ಜೋಡಿಸದ ಪೈಪಿನಲ್ಲಿ ಮಾತ್ರ ಹೀಗೆ ಮಾಡಬೇಕು. ಗೋಲಿ ಗಡಗಡ ಉರುಳಿ ಇನ್ನೊಂದು ತುದಿಯಲ್ಲಿ ಬಿದ್ದರೆ ದಾರಿ ಬಹುಮಟ್ಟಿಗೆ ತೆರೆದಿದೆ. ನಡುವೆ ನಿಂತರೆ ಸದ್ದು ಎಲ್ಲಿ ನಿಂತಿತು ಅಂತ ನೋಡಿ, ಅಲ್ಲಿ ಒತ್ತಿ ನೋಡಿದರೆ ಗಂಟು ಕೈಗೆ ತಾಗುತ್ತದೆ. ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಸಾಕು. ಹಿಡಿಕೆಯ ತಿರುವನ್ನು ಮಾತ್ರ ಬೆರಳು ಹಾಕಿಯೇ ನೋಡಿ. ಬೆಳಕು ಅಲ್ಲಿ ಬಾಗುವುದಿಲ್ಲ, ಕಸ ಸಿಗುವುದೂ ಜಾಸ್ತಿ ಅಲ್ಲೇ.

ತೆಗೆಯುವಾಗ ಕಸಬರಿಗೆ ಕೋಲಿನ ಮೊಂಡ ತುದಿ ಬಳಸಿ. ಕಬ್ಬಿಣದ ತಂತಿ ಹಾಕಿದರೆ ಪೈಪು ತೂತಾಗುತ್ತದೆ. ಕಸ ಹೋದ ದಿಕ್ಕಿಗೇ ತಳ್ಳಬೇಡಿ, ಬಂದ ದಿಕ್ಕಿಗೆ ವಾಪಸ್ ತಳ್ಳಿ. ನಮ್ಮಲ್ಲಿ ಮಾರುವ ಹಲವು ಮೆಷಿನ್ನುಗಳಿಗೆ ಗಾಳಿ ಊದುವ ಬಾಯಿಯೂ ಇರುತ್ತದೆ. ಪೈಪಿನ ಹಿಡಿಕೆ ಕಡೆಯ ತುದಿಯನ್ನು ಖಾಲಿ ಗೋಣಿಚೀಲದಲ್ಲಿಟ್ಟು, ಇನ್ನೊಂದು ತುದಿಯನ್ನು ಊದುವ ಬಾಯಿಗೆ ಹಾಕಿ ಓಡಿಸಿ. ಬಿರಡೆ ಪಟ್ ಅಂತ ಚೀಲಕ್ಕೆ ಬೀಳುತ್ತದೆ. ಅಂಗಳದಲ್ಲಿ ಮಾಡಿ. ಮನೆಯೊಳಗೆ ಮಾಡಿದರೆ ಮತ್ತೆ ಮೊದಲಿನಿಂದ ಕಸ ಹೊಡೆಯಬೇಕು.

ಸೋರಿಕೆ ಹಿಡಿಯಲು ಒಂದು ಊದಿನಕಡ್ಡಿ

ಎಲ್ಲವೂ ತೆರೆದಿದೆ, ಆದರೂ ಪೈಪಿನ ತುದಿಯಲ್ಲಿ ಎಳೆತ ಇಲ್ಲ ಅಂದರೆ ಬಿರುಕು ಹುಡುಕಿ. ಮೆಷಿನ್ ಓಡಿಸಿ, ಪೈಪಿನ ತುದಿಯನ್ನು ಒಬ್ಬರು ಅಂಗೈಯಿಂದ ಮುಚ್ಚಲಿ. ಇನ್ನೊಬ್ಬರು ಹಚ್ಚಿದ ಊದಿನಕಡ್ಡಿಯನ್ನು ಪೈಪಿನ ಉದ್ದಕ್ಕೂ, ಒಂದು ಗೇಣು ದೂರದಲ್ಲಿ ಮೆಲ್ಲಗೆ ಸಾಗಿಸಲಿ. ನೇರ ಮೇಲೇಳುವ ಹೊಗೆ ಒಂದು ಕಡೆ ಬಾಗಿ ಪೈಪಿನತ್ತ ಹೋದರೆ ಅಲ್ಲೇ ತೂತು. ಮುಚ್ಚಳದ ಸುತ್ತಲೂ ಹೀಗೇ ನೋಡಿ. ಕಿಡಿ ಒಳಗೆ ಹೋದರೆ ಧೂಳಿಗೆ ಬೆಂಕಿ ಹಿಡಿಯುತ್ತದೆ, ಅದಕ್ಕೇ ಕಡ್ಡಿಯನ್ನು ಹತ್ತಿರ ಒಯ್ಯಬೇಡಿ. ಭಯ ಅನಿಸಿದರೆ ತೆಳು ಟಿಶ್ಯೂ ಕಾಗದದ ಪಟ್ಟಿ ಹಿಡಿದರೂ ಗೊತ್ತಾಗುತ್ತದೆ.

ಪೈಪು ಬಿರಿಯುವುದು ಹೆಚ್ಚಾಗಿ ತುದಿಗಳಲ್ಲಿ, ದಿನಾ ಬಾಗುವ ಜಾಗದಲ್ಲಿ. ತುದಿಯಿಂದ ಮೂರು ನಾಲ್ಕು ಇಂಚಿನೊಳಗೆ ಬಿರುಕಿದ್ದರೆ ಆ ತುಂಡನ್ನು ಕತ್ತರಿಸಿಬಿಡಬಹುದು. ಹಲವು ಪೈಪುಗಳ ತುದಿಯ ಪ್ಲಾಸ್ಟಿಕ್ ಬಳೆ ತಿರುಪಿನಂತೆ ಬಿಚ್ಚಿ, ಮತ್ತೆ ತಿರುಗಿಸಿ ಕೂರಿಸುವಂತಿರುತ್ತದೆ. ನಡುವೆ ಬಿರುಕಿದ್ದರೆ ಇನ್ಸುಲೇಶನ್ ಟೇಪ್ ಸುತ್ತಿ ಹಬ್ಬ ಮುಗಿಸಬಹುದು, ಆಮೇಲೆ ಹೊಸ ಪೈಪು ತರಬೇಕು. ಮುಚ್ಚಳದ ರಬ್ಬರಿನಲ್ಲಿ ಧೂಳಿನ ಗಂಟು ಕೂತಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿ. ಗಡುಸಾಗಿ ಸೀಳಿದ್ದರೆ ಬದಲಿಸಿ.

ಬ್ರಷ್, ನೀರು, ಬ್ಯಾಟರಿ

ತಿರುಗುವ ಬ್ರಷ್ ಇರುವ ಮೆಷಿನ್ ಆದರೆ ಅದನ್ನು ತಿರುವಿ ಹಾಕಿ, ಸುತ್ತಿದ ಕೂದಲು ಮತ್ತು ಸೀರೆ ನೂಲನ್ನು ಕತ್ತರಿಯಿಂದ ಕತ್ತರಿಸಿ ತೆಗೆಯಿರಿ. ಬ್ರಷ್ ಒಳಗಿನ ಬೆಲ್ಟ್ ಹರಿದಿದ್ದರೆ ಗಾಳಿ ಎಳೆಯುತ್ತದೆ, ಕಸ ಮಾತ್ರ ಏಳುವುದಿಲ್ಲ.

ನೀರು ಕೂಡ ಎಳೆಯುವ ಡ್ರಮ್ಮಿನಂಥ ಮೆಷಿನ್ನಿನಲ್ಲಿ ಒಂದು ತೇಲುವ ಚೆಂಡು ಅಥವಾ ಬುಟ್ಟಿ ಇರುತ್ತದೆ. ಡ್ರಮ್ಮು ತುಂಬಿದಾಗ ಅದು ಮೇಲೇರಿ ಗಾಳಿಯ ಬಾಯಿ ಮುಚ್ಚುತ್ತದೆ. ಕೆಲವೊಮ್ಮೆ ಡ್ರಮ್ಮು ಖಾಲಿ ಇದ್ದರೂ ಕೆಸರು ಹಿಡಿದು ಮೇಲೆಯೇ ಸಿಕ್ಕಿಕೊಳ್ಳುತ್ತದೆ. ಬೆರಳಿನಿಂದ ಇಳಿಸಿ, ತೊಳೆದು ಒಣಗಿಸಿ. ನೀರು ಎಳೆಯುವಾಗ ಬಟ್ಟೆ ಚೀಲ ತೆಗೆದು ಸ್ಪಂಜು ಹಾಕಬೇಕು, ಒಣ ಧೂಳಿಗೆ ಸ್ಪಂಜು ತೆಗೆದು ಚೀಲ ಹಾಕಬೇಕು. ಇದು ಅದಲುಬದಲಾದರೆ ಹೇಳಿದೆನಲ್ಲ, ಎರೆ ಕೆಸರು.

ವೈರ್ ಇಲ್ಲದ ಮೆಷಿನ್ನಿನಲ್ಲಿ ಫಿಲ್ಟರ್, ಬ್ರಷ್ ಎಲ್ಲ ಸ್ವಚ್ಛವಿದ್ದು, ಚಾರ್ಜ್ ಪೂರ್ತಿ ಇದ್ದಾಗ ಚೆನ್ನಾಗಿ ಎಳೆದು ಐದು ನಿಮಿಷಕ್ಕೇ ಸೋತರೆ ಬ್ಯಾಟರಿ ಹಳೆಯದಾಗಿದೆ. ಬ್ಯಾಟರಿ ಮಾತ್ರ ಬದಲಿಸುವಂತಿದ್ದರೆ ಮೆಷಿನ್ ಎಸೆಯಬೇಡಿ. ಚಾರ್ಜ್ ಆಗುತ್ತಿರುವ ಮೆಷಿನ್ನನ್ನು ಬೇಸಿಗೆಯಲ್ಲಿ ಬಿಸಿಲು ಬೀಳುವ ಕಿಟಕಿ ಪಕ್ಕ ಇಡಬೇಡಿ. ಲಿಥಿಯಂ ಬ್ಯಾಟರಿಗೆ ಶಾಖ ಒಳ್ಳೆಯದಲ್ಲ.

ಕರೆಂಟಿನ ಮಾತು

ಮೇ ತಿಂಗಳ ಮಧ್ಯಾಹ್ನ, ಓಣಿಯ ಎಲ್ಲ ಮನೆಯಲ್ಲೂ ಕೂಲರ್ ಓಡುವಾಗ ವೋಲ್ಟೇಜ್ ಇಳಿಯುತ್ತದೆ. 230 ವೋಲ್ಟ್‌ಗೆ ಮಾಡಿದ ಮೋಟರ್ 180ರಲ್ಲಿ ಮೆಲ್ಲಗೆ ತಿರುಗುತ್ತದೆ, ಎಳೆತವೂ ಕಡಿಮೆ. ಬೆಳಿಗ್ಗೆ ಆರು ಗಂಟೆಗೆ ಒಮ್ಮೆ ಓಡಿಸಿ ನೋಡಿ. ಆಗ ಚೆನ್ನಾಗಿ ಎಳೆದರೆ ಮೆಷಿನ್ನಿನ ತಪ್ಪಲ್ಲ. 1400 ವ್ಯಾಟಿನ ಮೆಷಿನ್ ಸುಮಾರು 6 ಆಂಪಿಯರ್ ಕರೆಂಟ್ ಎಳೆಯುತ್ತದೆ. ಮೊಬೈಲ್ ಚಾರ್ಜ್ ಮಾಡುವ ತೆಳು ವೈರಿನ ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಬೇಡಿ. ವೈರ್ ಮುಟ್ಟಿ ನೋಡಿ, ಬಿಸಿಯಾಗಿದ್ದರೆ ತಕ್ಷಣ ಕಿತ್ತು ಗೋಡೆಯ ದೊಡ್ಡ ಪ್ಲಗ್ಗಿಗೆ ಹಾಕಿ.

ನಿಜವಾಗಿ ಮೋಟರ್ ಹೋಗಿದೆ ಅಂತ ಯಾವಾಗ ಹೇಳಬಹುದು

ಚೀಲ ತೆಗೆದು, ಸ್ವಚ್ಛವಾದ ಡಬ್ಬಿಯಲ್ಲಿ ಫಿಲ್ಟರ್ ಕೂಡ ತೆಗೆದು, ಐದೇ ಸೆಕೆಂಡು ಓಡಿಸಿ ಅಂಗೈ ಹಿಡಿಯಿರಿ. ಚೀಲ ಇಲ್ಲದಿದ್ದರೆ ಮುಚ್ಚಳವೇ ಕೂರದ ಮೆಷಿನ್ನುಗಳೂ ಇವೆ, ಅಂಥದರಲ್ಲಿ ಹೊಸ ಚೀಲ ಹಾಕಿ ನೋಡಿ. ಆಗಲೂ ಎಳೆತ ಇಲ್ಲ, ರಬ್ಬರ್ ಸರಿ ಇದೆ, ವೋಲ್ಟೇಜ್ ಸರಿ ಇದೆ ಅಂದರೆ ಮೋಟರ್ ಅಥವಾ ಅದರ ಫ್ಯಾನ್. ಸುಟ್ಟ ವಾಸನೆ, ಹಿಂದಿನ ಜಾಲರಿಯಲ್ಲಿ ದೊಡ್ಡ ಕಿಡಿ, ಒಮ್ಮೆ ಓಡಿ ಒಮ್ಮೆ ನಿಲ್ಲುವುದು ಕಂಡರೆ ಮೋಟರಿನ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಕಾರ್ಬನ್ ತುಂಡು ಸವೆದಿರಬಹುದು. ಅದು ಸಣ್ಣ ಸಾಮಾನು, ಮಿಕ್ಸರ್ ರಿಪೇರಿ ಮಾಡುವವರೇ ಹಾಕಿಕೊಡುತ್ತಾರೆ. ಕಿರ್ ಅಂತ ಲೋಹ ಉಜ್ಜುವ ಸದ್ದು ಬಂದರೆ ಬೇರಿಂಗ್. ಮೋಟರನ್ನು ಮನೆಯಲ್ಲಿ ಬಿಚ್ಚಬೇಡಿ.

ರಿಪೇರಿಗೆ ಕೊಡುವಾಗ "ಮೊದ್ಲ ಬಾಯಿಗೆ ಕೈ ಹಿಡದ ನೋಡ್ರಿ, ಪೈಪು ಫಿಲ್ಟರ್ ನಾ ನೋಡೇನ್ರಿ" ಅಂತ ಹೇಳಿ ಕೊಡಿ. ನೀವು ಏನೇನು ನೋಡಿದ್ದೀರಿ ಅಂತ ಗೊತ್ತಾದರೆ ರಿಪೇರಿಯವರೂ ಮನಸ್ಸಿಟ್ಟು ನೋಡುತ್ತಾರೆ. ಖರ್ಚು ಹೊಸ ಮೆಷಿನ್ನಿನ ಬೆಲೆಯ ಅರ್ಧ ದಾಟಿದರೆ ನಾನಾದರೆ ಹೊಸದು ತರುತ್ತೇನೆ.

ಹೊಸದು ತರುವಾಗ

ಡಬ್ಬದ ಮೇಲಿನ ವ್ಯಾಟ್ ನೋಡಿ ಮರುಳಾಗಬೇಡಿ. ವ್ಯಾಟ್ ಅಂದರೆ ಮೆಷಿನ್ ತಿನ್ನುವ ಕರೆಂಟು, ಎಳೆಯುವ ಬಲ ಅಲ್ಲ. ಯುರೋಪಿಯನ್ ಒಕ್ಕೂಟ 2014ರಲ್ಲಿ ಮನೆಬಳಕೆಯ ಮೆಷಿನ್ನುಗಳಿಗೆ 1600 ವ್ಯಾಟಿನ ಮಿತಿ ಹಾಕಿತು, 2017ರಲ್ಲಿ ಅದನ್ನು 900ಕ್ಕೆ ಇಳಿಸಿತು. ಆಮೇಲೂ ಅಲ್ಲಿನ ಮನೆಗಳ ಕಸ ಹೋಗುತ್ತಲೇ ಇದೆ. ಎಳೆತ ಎಷ್ಟು ಕಿಲೋಪಾಸ್ಕಲ್, ಗಾಳಿಯ ಹರಿವು ಎಷ್ಟು ಅಂತ ಕೇಳಿ. ಎರಡೂ ಬರೆದಿರುವ ಮೆಷಿನ್ ಒಳ್ಳೆಯದು.

ನಮ್ಮ ಕಡೆಯ ಧೂಳಿಗೆ ನಾನು ಚೀಲ ಇರುವ, ತೊಳೆಯುವ ಫಿಲ್ಟರ್ ಇರುವ ಮೆಷಿನ್ನನ್ನೇ ಹೇಳುತ್ತೇನೆ. ಚೀಲವಿಲ್ಲದ ಡಬ್ಬಿ ಖಾಲಿ ಮಾಡುವಾಗ ಎರೆ ಧೂಳು ಮುಖಕ್ಕೇ ಹಾರುತ್ತದೆ. ಉಬ್ಬಸ ಇರುವವರ ಮನೆಯಲ್ಲಂತೂ ಅದು ಬೇಡ. ತರುವ ಮೊದಲೇ ಅಂಗಡಿಯಲ್ಲಿ ಚೀಲ ಮತ್ತು ಫಿಲ್ಟರ್ ಬಿಡಿಯಾಗಿ ಸಿಗುತ್ತವೆಯಾ ಅಂತ ಕೇಳಿ, ಸಿಕ್ಕರೆ ಒಂದು ಜೊತೆ ಆಗಲೇ ತಂದುಬಿಡಿ. ರಿಪೇರಿ ಕೇಂದ್ರ ನಿಮ್ಮ ಊರಲ್ಲೇ ಇದೆಯಾ, ಹುಬ್ಬಳ್ಳಿ ಬೆಳಗಾವಿಯವರೆಗೆ ಹೊರಬೇಕಾ ಅಂತಲೂ ಕೇಳಿ. ಬಿಸಿ ಬೂದಿ, ಸಿಮೆಂಟು, ರಂಗೋಲಿ ಪುಡಿಯನ್ನು ಯಾವ ಮನೆಬಳಕೆಯ ಮೆಷಿನ್ನಿಗೂ ಉಣಿಸಬೇಡಿ. ಬಣ್ಣ ಬಳಿಸಿದ ಮೇಲೆ ಗೋಡೆಯ ಪುಟ್ಟಿ ಎಳೆದು ಒಂದೇ ದಿನದಲ್ಲಿ ಹೊಸ ಫಿಲ್ಟರ್ ಕಳೆದುಕೊಂಡವರನ್ನು ಕಂಡಿದ್ದೇನೆ.

ಹಳೆಯ ಮೆಷಿನ್ನನ್ನು ಗುಜರಿಗೆ ಕೊಡುವ ಮೊದಲು ಅದರ ಪೈಪು, ಕೊಳವೆ, ಬ್ರಷ್ ತೆಗೆದಿಡಿ. ಸಾಮಾನ್ಯವಾಗಿ ಇವು 32 ಅಥವಾ 35 ಮಿಲಿಮೀಟರ್ ಅಳತೆಯವು. ಹೊಸದಕ್ಕೆ ಕೂತರೆ ಒಂದು ಬದಲಿ ಪೈಪು ಮನೆಯಲ್ಲೇ ಸಿಕ್ಕ ಹಾಗೆ. ವೈರ್ ಇಲ್ಲದ ಮೆಷಿನ್ನಿನ ಬ್ಯಾಟರಿಯನ್ನು ಮಾತ್ರ ಕಸದ ಗಾಡಿಗೆ ಹಾಕಬೇಡಿ. ಜಜ್ಜಿದರೆ ಬೆಂಕಿ ಹತ್ತುತ್ತದೆ, ಎಲೆಕ್ಟ್ರಾನಿಕ್ ಕಸ ತೆಗೆದುಕೊಳ್ಳುವವರಿಗೇ ಕೊಡಿ.